ಪರದೆಯ ಮೇಲೆ ಹವ್ಯಾಸ ಕೂಟ: ಮೌನವಾದವರನ್ನು ಮರೆಯಬೇಡಿ

"ಡಾಕ್ಟರೇ, ಅಮ್ಮನಿಗೆ ಮರೆವಿನ ಕಾಯಿಲೆ ಶುರುವಾಗಿರಬಹುದೇ ನೋಡಿ" ಎನ್ನುತ್ತ ಮಗನೊಬ್ಬ ತನ್ನ ತಾಯಿಯನ್ನು ನನ್ನಲ್ಲಿಗೆ ಕರೆತಂದಿದ್ದರು. ತಾಯಿ ನಿವೃತ್ತ ಶಿಕ್ಷಕಿ, ವಯಸ್ಸು 69. ಆಕೆಗೆ ಕಸೂತಿಯ ಹುಚ್ಚು. ಸಮಾನ ಹವ್ಯಾಸದ ಎಂಟು ಜನ ಹೆಂಗಸರು ಪ್ರತಿ ಶನಿವಾರ ಮಧ್ಯಾಹ್ನ ಒಬ್ಬೊಬ್ಬರ ಮನೆಯಲ್ಲಿ ಸೇರಿ, ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂದು ಹೊಲಿಗೆ ಹಾಕುತ್ತ, ಚಹಾ ಕುಡಿಯುತ್ತ ಎರಡು ಗಂಟೆ ಕಳೆಯುತ್ತಿದ್ದರು. 2020ರ ಮಾರ್ಚ್ ತಿಂಗಳಲ್ಲಿ ಲಾಕ್‌ಡೌನ್ ಬಂದಾಗ ಕೂಟ ನಿಂತಿತು. ಒಬ್ಬರ ಮೊಮ್ಮಗಳು ಮೊಬೈಲಿನಲ್ಲಿ ವಿಡಿಯೋ ಕೂಟ ಏರ್ಪಡಿಸುವುದನ್ನು ಕಲಿಸಿಕೊಟ್ಟಳು. ಲಾಕ್‌ಡೌನ್ ಮುಗಿದರೂ ಆ ಪದ್ಧತಿ ಉಳಿಯಿತು. ಏಕೆಂದರೆ ಅಷ್ಟರಲ್ಲಿ ಒಬ್ಬರು ಮಗನೊಂದಿಗೆ ಪುಣೆಗೆ ಹೋಗಿದ್ದರು, ಇನ್ನೊಬ್ಬರಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಗಿತ್ತು.

ಈಚಿನ ಒಂದು ವರ್ಷದಿಂದ ಈ ಶಿಕ್ಷಕಿಯ ನಡವಳಿಕೆ ಬದಲಾಗಿತ್ತು. ಕೇಳಿದ ಪ್ರಶ್ನೆ ಒಂದು, ಕೊಡುವ ಉತ್ತರ ಇನ್ನೊಂದು. ಎಲ್ಲರೂ ನಕ್ಕ ಮೇಲೆ ಇವರು ನಗುವುದು. ಆಮೇಲೆ ಕ್ಯಾಮೆರಾ ಮುಚ್ಚಿಟ್ಟು ಸುಮ್ಮನೆ ಕೂರತೊಡಗಿದರು. "ನಿದ್ದೆ ಬಂದಿತ್ತು", "ಮನೆಗೆ ನೆಂಟರು ಬಂದಿದ್ದರು" ಎಂದು ನೆಪ ಹೇಳಿ ತಪ್ಪಿಸಿಕೊಂಡರು. ಕೊನೆಗೆ ಕಸೂತಿಯ ಚೌಕಟ್ಟು ಕಪಾಟು ಸೇರಿತು. ಮನೆಯವರಿಗೆ ಇದು ಮರೆವು ಎನಿಸಿತು. ಗೆಳತಿಯರಿಗೆ ಇದು ಬಿಂಕ ಎನಿಸಿತು.

ಪರೀಕ್ಷೆ ಮಾಡಿದೆ. ನೆನಪಿನ ಶಕ್ತಿಗೆ ಏನೂ ಆಗಿರಲಿಲ್ಲ. ಎರಡೂ ಕಿವಿಗಳಲ್ಲಿ ಗುಗ್ಗೆ ಗಟ್ಟಿಯಾಗಿ ಕುಳಿತಿತ್ತು. ಅದನ್ನು ತೆಗೆಸಿ ಶ್ರವಣ ಪರೀಕ್ಷೆ ಮಾಡಿಸಿದಾಗ, ವಯಸ್ಸಿನಿಂದ ಬರುವ ಕಿವುಡು ಎರಡೂ ಕಿವಿಗಳಲ್ಲಿ ಮಧ್ಯಮ ಪ್ರಮಾಣದಲ್ಲಿ ಇರುವುದು ಗೊತ್ತಾಯಿತು. ಎದುರಾಎದುರು ಕುಳಿತಾಗ ತುಟಿಯ ಚಲನೆ ನೋಡಿ, ಸಂದರ್ಭ ತಿಳಿದು ಆಕೆ ಹೇಗೋ ನಿಭಾಯಿಸುತ್ತಿದ್ದರು. ಪರದೆಯ ಮೇಲೆ ಅಂಚೆ ಚೀಟಿಯಷ್ಟು ಚಿಕ್ಕ ಮುಖಗಳನ್ನು ನೋಡಿ ನಿಭಾಯಿಸಲು ಆಗಲಿಲ್ಲ. ಅಷ್ಟೆ.

ಈ ಪ್ರಸಂಗವನ್ನು ಏಕೆ ಹೇಳಿದೆನೆಂದರೆ, ಇಂದು ಅನೇಕ ಮನೆಗಳಲ್ಲಿ ಇಂಥ ಕೂಟಗಳು ನಡೆಯುತ್ತಿವೆ. ಭಜನಾ ಮಂಡಳಿ, ಪುಸ್ತಕ ಓದುವವರ ಬಳಗ, ಕೈತೋಟದವರ ಗುಂಪು, ಅಂಚೆ ಚೀಟಿ ಸಂಗ್ರಹಿಸುವವರು, ಚದುರಂಗದವರು ಹೀಗೆ. ನಿಮ್ಮ ಮನೆಯ ಹಿರಿಯರೂ ಒಂದರಲ್ಲಿ ಇರಬಹುದು. ಕೂಟ ಏರ್ಪಡಿಸುವಾಗ ನಾವು ಯಂತ್ರದ ಬಗ್ಗೆ ಯೋಚಿಸುತ್ತೇವೆ. ಯಂತ್ರದ ಮುಂದೆ ಕುಳಿತವರ ಕಿವಿ, ಕಣ್ಣು, ಕತ್ತುಗಳ ಬಗ್ಗೆ ಯೋಚಿಸುವುದಿಲ್ಲ.

ಗೆಳೆತನವೂ ಆರೋಗ್ಯವೇ

ಹವ್ಯಾಸ ಕೂಟ ಎಂದರೆ ಕಾಲಹರಣ ಎಂದು ಭಾವಿಸಬೇಡಿ. ಒಂಟಿತನ ಮನಸ್ಸಿಗೆ ಮಾತ್ರವಲ್ಲ, ದೇಹಕ್ಕೂ ಹಾನಿಕರ. ಹೃದಯಾಘಾತ, ಪಾರ್ಶ್ವವಾಯು, ಖಿನ್ನತೆ, ಮರೆವಿನ ರೋಗ ಇವುಗಳ ಅಪಾಯ ಒಂಟಿಯಾಗಿ ಉಳಿದವರಲ್ಲಿ ಹೆಚ್ಚು. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರಲ್ಲಿ, ಒಂಟಿತನವನ್ನು ಒಂದು ಸಾಂಕ್ರಾಮಿಕವೆಂದೇ ಕರೆದು ದೇಶಕ್ಕೆ ಎಚ್ಚರಿಕೆ ನೀಡಿದರು. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರ ಜೂನ್‌ನಲ್ಲಿ ವರದಿ ನೀಡಿತು. ಅದರ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ.

ವಾರಕ್ಕೊಮ್ಮೆ ಇಂಥ ಹೊತ್ತಿಗೆ ಇಂಥವರು ನನಗಾಗಿ ಕಾಯುತ್ತಾರೆ ಎಂಬ ಭಾವನೆ ಇದೆಯಲ್ಲ, ಅದು ದೊಡ್ಡದು. ಅಂದು ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಮಾಡಿದ ಕೆಲಸವನ್ನು ತೋರಿಸಲು ಸಿದ್ಧವಾಗುತ್ತಾರೆ. ಆದ್ದರಿಂದ ಒಬ್ಬ ಸದಸ್ಯರು ಕೂಟದಿಂದ ಜಾರಿ ಹೋದರೆ ಅದನ್ನು ಸಣ್ಣ ಸಂಗತಿ ಎಂದು ಬಿಡಬಾರದು.

ಪರದೆಯ ಮೇಲೆ ಕೇಳುವುದು ಏಕೆ ಕಷ್ಟ?

ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಕೀರಲು ಧ್ವನಿಗಳನ್ನು, ಅಂದರೆ ಹೆಚ್ಚು ಕಂಪನದ ಧ್ವನಿಗಳನ್ನು. ನಮ್ಮ ಭಾಷೆಯ ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಅಲ್ಲಿಯೇ ಇದೆ. ಸ್ವರಗಳು ಕೇಳುತ್ತವೆ, ವ್ಯಂಜನಗಳು ಮಸುಕಾಗುತ್ತವೆ. ಹೀಗಾಗಿ, "ಮಾತಾಡುವುದು ಕೇಳುತ್ತದೆ, ಏನು ಎಂದು ತಿಳಿಯುವುದಿಲ್ಲ" ಎಂದು ಹಿರಿಯರು ಹೇಳುತ್ತಾರೆ. ಇದು ಹಠವಲ್ಲ, ಅಲಕ್ಷ್ಯವೂ ಅಲ್ಲ. 60 ವರ್ಷ ದಾಟಿದವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ದಿನನಿತ್ಯದ ಬದುಕಿಗೆ ತೊಡಕಾಗುವಷ್ಟು ಕಿವುಡು ಇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ವಿಡಿಯೋ ಕೂಟದಲ್ಲಿ ಈ ಕಷ್ಟ ಇಮ್ಮಡಿಯಾಗುತ್ತದೆ. ಮೊಬೈಲಿನ ಪುಟ್ಟ ಸ್ಪೀಕರಿನಿಂದ ಧ್ವನಿ ತೆಳ್ಳಗೆ ಬರುತ್ತದೆ. ಒಬ್ಬರ ಮನೆಯ ಮಿಕ್ಸಿ, ಇನ್ನೊಬ್ಬರ ಮನೆಯ ಟಿ.ವಿ. ಎಲ್ಲವೂ ಒಂದೇ ದಿಕ್ಕಿನಿಂದ ಕಿವಿಗೆ ಬೀಳುತ್ತವೆ. ಒಂದು ಕೋಣೆಯಲ್ಲಿ ಕುಳಿತಾಗ ಎರಡು ಕಿವಿಗಳ ಸಹಾಯದಿಂದ ಧ್ವನಿ ಎಲ್ಲಿಂದ ಬಂತೆಂದು ತಿಳಿದು ಬೇಕಾದ್ದನ್ನು ಮಾತ್ರ ಆರಿಸಿಕೊಳ್ಳುತ್ತೇವೆ. ಪರದೆಯ ಮುಂದೆ ಈ ಸೌಲಭ್ಯವಿಲ್ಲ. ಇಬ್ಬರು ಒಟ್ಟಿಗೆ ಮಾತಾಡಿದರಂತೂ ಇಬ್ಬರದೂ ತಿಳಿಯುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಧ್ವನಿ ಈ ಮನೆಯಿಂದ ಆ ಮನೆಗೆ ಹೋಗಲು ಕೊಂಚ ಸಮಯ ಹಿಡಿಯುತ್ತದೆ. ಸಂಪರ್ಕ ಸರಿಯಿಲ್ಲದಿದ್ದರೆ ಈ ವಿಳಂಬ ಒಂದು ಸೆಕೆಂಡನ್ನೂ ಮೀರಬಹುದು. ಜರ್ಮನಿಯ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1.2 ಸೆಕೆಂಡಿನಷ್ಟು ವಿಳಂಬವಾದಾಗ ಜನರು ಆಚೆ ಬದಿಯವರನ್ನು ಸ್ನೇಹವಿಲ್ಲದವರು, ಗಮನವಿಲ್ಲದವರು ಎಂದು ತಿಳಿದರು. ತಪ್ಪು ತಂತಿಯದು, ದೂರು ಮನುಷ್ಯನ ಮೇಲೆ! ಕಿವಿ ಮಂದವಾದ ಹಿರಿಯರ ಉತ್ತರ ಇನ್ನೂ ತಡವಾಗುತ್ತದೆ. ಆಗ ಅವರನ್ನು ಎಷ್ಟು ಸುಲಭವಾಗಿ ತಪ್ಪು ತಿಳಿಯಬಹುದು ಎಂದು ಯೋಚಿಸಿ.

ಭಜನಾ ಮಂಡಳಿಯವರಿಗೆ ಒಂದು ಮಾತು. ಇದೇ ವಿಳಂಬದಿಂದಾಗಿ ಸಾಮಾನ್ಯ ವಿಡಿಯೋ ಕೂಟದಲ್ಲಿ ಎಲ್ಲರೂ ಒಂದೇ ತಾಳಕ್ಕೆ ಕೂಡಿ ಹಾಡಲು ಬರುವುದಿಲ್ಲ. ಅದು ನಿಮ್ಮ ತಪ್ಪಲ್ಲ. ಒಬ್ಬರು ಹಾಡಲಿ, ಉಳಿದವರು ತಮ್ಮ ಮೈಕು ಮುಚ್ಚಿಕೊಂಡು ಮನೆಯಲ್ಲೇ ದನಿಗೂಡಿಸಲಿ. ಮುಂದಿನ ಹಾಡು ಮತ್ತೊಬ್ಬರದು.

ಕಿವಿಗೆ ಏನು ಮಾಡಬೇಕು?

ಧ್ವನಿ ಹೆಚ್ಚಿಸುವುದೊಂದೇ ಪರಿಹಾರವಲ್ಲ. ಸ್ಪಷ್ಟತೆ ಬೇಕು. ಮೊಬೈಲಿನ ಸ್ಪೀಕರಿಗಿಂತ ಎರಡೂ ಕಿವಿ ಮುಚ್ಚುವ ಹೆಡ್‌ಫೋನ್ ಒಳ್ಳೆಯದು. ಧ್ವನಿಯನ್ನು ಪೂರ್ತಿ ಪ್ರಮಾಣದ ಶೇ. 60ರ ಒಳಗೆ ಇಟ್ಟುಕೊಳ್ಳಿ. ಅಷ್ಟರಲ್ಲಿ ಮಾತು ತಿಳಿಯದಿದ್ದರೆ ಇನ್ನೂ ಹೆಚ್ಚಿಸುವ ಬದಲು ಕಿವಿಯನ್ನು ಪರೀಕ್ಷೆ ಮಾಡಿಸಿ. ಕೋಣೆಯ ಬಾಗಿಲು ಮುಚ್ಚಿ, ಫ್ಯಾನಿನ ವೇಗ ತಗ್ಗಿಸಿ, ಟಿ.ವಿ. ನಿಲ್ಲಿಸಿ.

ಕಿವಿಗೆ ಎಣ್ಣೆ ಬಿಡುವುದು, ಹೇರ್‌ಪಿನ್ ಅಥವಾ ಹತ್ತಿ ಸುತ್ತಿದ ಕಡ್ಡಿ ಹಾಕುವುದು ಬೇಡ. ಕಡ್ಡಿ ಗುಗ್ಗೆಯನ್ನು ಹೊರಗೆ ತರುವ ಬದಲು ಒಳಕ್ಕೆ ತಳ್ಳುತ್ತದೆ. ಕೆಲವೊಮ್ಮೆ ಕಿವಿಯ ತಮಟೆ ಹರಿಯುತ್ತದೆ. ಗುಗ್ಗೆ ತೆಗೆಸಲು ಕಿವಿ, ಮೂಗು, ಗಂಟಲು ತಜ್ಞರ ಬಳಿಗೆ ಹೋಗಿ.

ಶ್ರವಣ ಸಾಧನ ಎಂದರೆ ಅನೇಕರಿಗೆ ನಾಚಿಕೆ. ಕನ್ನಡಕ ಹಾಕಲು ಇಲ್ಲದ ನಾಚಿಕೆ ಇದಕ್ಕೇಕೆ? ಸಾಧನ ತಂದ ದಿನವೇ ಎಲ್ಲ ಸರಿಹೋಗುವುದಿಲ್ಲ. ಮಿದುಳು ಹೊಸ ಧ್ವನಿಗಳಿಗೆ ಒಗ್ಗಲು ಕೆಲವು ವಾರಗಳು ಬೇಕು. ಮೊದಲು ದಿನಕ್ಕೆ ಕೆಲವು ಗಂಟೆ ಹಾಕಿ, ನಿಧಾನವಾಗಿ ಹೆಚ್ಚಿಸಿ. ಈಗಿನ ಹಲವು ಸಾಧನಗಳನ್ನು ಮೊಬೈಲಿಗೆ ನೇರವಾಗಿ ಜೋಡಿಸಬಹುದು. ಕೊಳ್ಳುವಾಗಲೇ ಕೇಳಿ ತಿಳಿದುಕೊಳ್ಳಿ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿಯ ಪರೀಕ್ಷೆ ಹಾಗೂ ಚಿಕಿತ್ಸೆಯ ಸೌಲಭ್ಯ ಇದೆ.

ಕಿವುಡನ್ನು ಹಾಗೆಯೇ ಬಿಟ್ಟರೆ ಏನಾಗುತ್ತದೆ? ಮರೆವಿನ ರೋಗವನ್ನು ತಡೆಯುವ ಬಗ್ಗೆ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿದ 14 ಅಪಾಯದ ಅಂಶಗಳಲ್ಲಿ ಶ್ರವಣ ದೋಷವೂ ಒಂದು, ಒಂಟಿತನಕ್ಕೆ ದೂಡುವ ಸಾಮಾಜಿಕ ದೂರವಾಗುವಿಕೆಯೂ ಒಂದು. ಕಿವಿ ಮಂದವಾದವರಿಗೆಲ್ಲ ಮರೆವು ಬರುತ್ತದೆ ಎಂದು ಇದರ ಅರ್ಥವಲ್ಲ. ಸರಿಪಡಿಸಬಹುದಾದ ತೊಂದರೆಯನ್ನು ಸರಿಪಡಿಸಿಕೊಳ್ಳಿ ಎಂದಷ್ಟೇ ಅರ್ಥ.

ಕಣ್ಣು ಮಿಟುಕಿಸಲು ಮರೆಯಬೇಡಿ

ಸಾಮಾನ್ಯವಾಗಿ ನಾವು ನಿಮಿಷಕ್ಕೆ 15ರಿಂದ 20 ಬಾರಿ ಕಣ್ಣು ಮಿಟುಕಿಸುತ್ತೇವೆ. ಪರದೆಯನ್ನು ದಿಟ್ಟಿಸುವಾಗ ಇದು ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ಪ್ರತಿ ಮಿಟುಕಿನಲ್ಲೂ ಕಣ್ಣಿನ ಮೇಲೆ ಕಣ್ಣೀರಿನ ತೆಳು ಪದರ ಹರಡುತ್ತದೆ. ಮಿಟುಕು ಕಡಿಮೆಯಾದರೆ ಕಣ್ಣು ಒಣಗಿ ಉರಿ, ಮರಳು ಬಿದ್ದಂಥ ಅನುಭವ, ಮಸುಕು, ತಲೆನೋವು ಬರುತ್ತವೆ. ವಯಸ್ಸಾದವರಲ್ಲಿ, ಅದರಲ್ಲೂ ಮುಟ್ಟು ನಿಂತ ಮಹಿಳೆಯರಲ್ಲಿ, ಕಣ್ಣೀರಿನ ಪಸೆ ಮೊದಲೇ ಕಡಿಮೆ.

ಇದಕ್ಕೆ ಸುಲಭ ಉಪಾಯವಿದೆ. ಪ್ರತಿ 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡು ನೋಡಿ. ಕಿಟಕಿಯಾಚೆಯ ತೆಂಗಿನ ಮರವಾದರೂ ಸರಿ. ಆಗ ಹತ್ತಾರು ಸಲ ನಿಧಾನವಾಗಿ ರೆಪ್ಪೆ ಮುಚ್ಚಿ ತೆರೆಯಿರಿ. ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಬೀಸದಿರಲಿ.

ಬೆಳಕು ನಿಮ್ಮ ಮುಖದ ಮೇಲೆ ಬೀಳಬೇಕು, ಬೆನ್ನ ಹಿಂದಿನಿಂದ ಬರಬಾರದು. ಕಿಟಕಿಗೆ ಬೆನ್ನು ಮಾಡಿ ಕುಳಿತರೆ ನಿಮ್ಮ ಮುಖ ಬರೀ ಕಪ್ಪು ನೆರಳಾಗಿ ಕಾಣುತ್ತದೆ. ನಿಮ್ಮ ತುಟಿ ನೋಡಿ ಮಾತು ಗ್ರಹಿಸುವ ಗೆಳೆಯರಿಗೆ ಅದರಿಂದ ತೊಂದರೆ. ನಿಮ್ಮ ಮುಖದ ಮೇಲಿನ ಬೆಳಕು ಇನ್ನೊಬ್ಬರ ಕಿವಿಗೆ ಸಹಾಯ ಮಾಡುತ್ತದೆ!

ಕಸೂತಿ, ಹೆಣಿಗೆ, ಚಿತ್ರಕಲೆಯಂಥ ಕೈಗೆಲಸದವರು ಕೆಲಸಕ್ಕೊಮ್ಮೆ, ಪರದೆಗೊಮ್ಮೆ ನೋಟ ಬದಲಿಸುತ್ತಲೇ ಇರುತ್ತಾರೆ. ಕಸೂತಿಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿ ಹೊಲಿಯಬೇಕಾದ್ದರಿಂದ ಕಣ್ಣಿಗೆ ಇನ್ನೂ ಆಯಾಸ. ಇಂಥವರು ಹೊಲಿಯುವಾಗ ಪರದೆ ನೋಡದೆ ಕೇವಲ ಮಾತು ಕೇಳಲಿ. ನೋಡುವಾಗ ಸೂಜಿ ಕೆಳಗಿಡಲಿ. ಕಲಿಸುವವರು ಮೊಬೈಲನ್ನು ಪುಸ್ತಕಗಳ ಅಟ್ಟಿಯ ಮೇಲೆ ಭದ್ರವಾಗಿಟ್ಟು, ಕ್ಯಾಮೆರಾ ಕೈಗಳತ್ತ ಇರುವಂತೆ ಮಾಡಿದರೆ ಎಲ್ಲರಿಗೂ ಹೊಲಿಗೆ ಸ್ಪಷ್ಟವಾಗಿ ಕಾಣುತ್ತದೆ.

ಕತ್ತು ಮತ್ತು ಬೆನ್ನು

ನಮ್ಮ ತಲೆಯ ತೂಕ ಸುಮಾರು 5 ಕಿಲೋ. ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ತಲೆ ಬಗ್ಗಿಸಿದಂತೆಲ್ಲ ಕತ್ತಿನ ಮೇಲಿನ ಒತ್ತಡ ಏರುತ್ತದೆ. 2014ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರದಂತೆ, 60 ಡಿಗ್ರಿ ಬಗ್ಗಿಸಿದಾಗ ಅದು 27 ಕಿಲೋ ಭಾರಕ್ಕೆ ಸಮ. ಗಂಟೆಗಟ್ಟಲೆ ಹೀಗೆ ಕುಳಿತರೆ ಕತ್ತು, ಹೆಗಲು ನೋಯದೆ ಇರುತ್ತವೆಯೇ?

ಪರದೆ ತೋಳಿನಷ್ಟು ದೂರದಲ್ಲಿ, ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಇರಲಿ. ಆದರೆ ಎರಡು ಪವರಿನ ಕನ್ನಡಕ ಹಾಕುವವರು ಗಮನಿಸಿ. ಹತ್ತಿರ ನೋಡುವ ಗಾಜು ಕೆಳಭಾಗದಲ್ಲಿ ಇರುವುದರಿಂದ, ಪರದೆ ಎತ್ತರದಲ್ಲಿದ್ದರೆ ನೀವು ಗಲ್ಲ ಮೇಲೆತ್ತಿ ಕತ್ತನ್ನು ಹಿಂದಕ್ಕೆ ಬಾಗಿಸುತ್ತೀರಿ. ನಿಮಗೆ ಪರದೆ ಇನ್ನೂ ಕೆಳಗೆ ಇರಬೇಕು. ಇಲ್ಲವೇ ಪರದೆಯ ದೂರಕ್ಕೆ ಹೊಂದುವ ಬೇರೆ ಕನ್ನಡಕ ಮಾಡಿಸಿಕೊಳ್ಳಿ. ಮಂಚದ ಮೇಲೆ ಒರಗಿ ಕೂರುವುದಕ್ಕಿಂತ ಬೆನ್ನಿಗೆ ಆಸರೆ ಇರುವ ಕುರ್ಚಿಯೇ ಲೇಸು. ಪಾದಗಳು ನೆಲ ಮುಟ್ಟಲಿ. ಮುಟ್ಟದಿದ್ದರೆ ಮಣೆ ಇಡಿ.

ಕುಳಿತೇ ಇದ್ದರೂ ದಣಿವೇಕೆ?

"ಏನೂ ಮಾಡದೆ ಕುಳಿತಿದ್ದೆ, ಆದರೂ ಸುಸ್ತು" ಎಂದು ಹಲವರು ದೂರುತ್ತಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರೊ. ಜೆರೆಮಿ ಬೈಲೆನ್ಸನ್ 2021ರಲ್ಲಿ ಇದಕ್ಕೆ ನಾಲ್ಕು ಕಾರಣಗಳನ್ನು ಮುಂದಿಟ್ಟರು. ಎಲ್ಲರ ಮುಖಗಳೂ ತೀರ ಹತ್ತಿರದಿಂದ ನಮ್ಮನ್ನೇ ದಿಟ್ಟಿಸುವಂತೆ ಇರುವುದು, ನಮ್ಮ ಮುಖವನ್ನು ನಾವೇ ನೋಡುತ್ತ ಇರುವುದು, ಕದಲದೆ ಕೂರುವುದು, ತಲೆಯಾಡಿಸುವಂಥ ಸಣ್ಣ ಸನ್ನೆಗಳಿಗೂ ಹೆಚ್ಚು ಶ್ರಮಪಡುವುದು. ಎರಡು ತಾಸು ಕನ್ನಡಿ ಹಿಡಿದುಕೊಂಡು ಯಾರಾದರೂ ಹರಟೆ ಹೊಡೆಯುತ್ತಾರೆಯೇ? ವಿಡಿಯೋ ಕೂಟದಲ್ಲಿ ನಾವು ಮಾಡುವುದು ಅದನ್ನೇ. ನಿಮ್ಮ ಮುಖ ನಿಮಗೆ ಕಾಣದಂತೆ ಮಾಡುವ ಅನುಕೂಲ ಅನೇಕ ತಂತ್ರಾಂಶಗಳಲ್ಲಿ ಇದೆ. ಮೊಮ್ಮಕ್ಕಳನ್ನು ಕೇಳಿ.

ಜೂಮ್‌ನಲ್ಲಿ ಹಣ ಕೊಡದೆ ನಡೆಸುವ ಕೂಟ 40 ನಿಮಿಷಕ್ಕೆ ತಾನೇ ಮುಗಿದು ಹೋಗುತ್ತದೆ. ಇದು ಹಲವರಿಗೆ ಕಿರಿಕಿರಿ. ವೈದ್ಯನಾದ ನನಗೆ ಇದು ವರವೆಂದೇ ತೋರುತ್ತದೆ. ಎದ್ದು ಓಡಾಡಿ, ನೀರು ಕುಡಿದು, ಬಚ್ಚಲಿಗೆ ಹೋಗಿ ಬಂದು ಮತ್ತೆ ಸೇರಿಕೊಳ್ಳಿ. ಸಕ್ಕರೆ ಕಾಯಿಲೆಯವರು, ಕಾಲು ಬಾವು ಬರುವವರು ಒಂದೇ ಸಮನೆ ಕೂರಲೇಬಾರದು.

ಕೂಟ ನಡೆಸುವವರಿಗೆ ಕೆಲವು ಸೂಚನೆಗಳು

1. ದಿನ, ಹೊತ್ತು ಬದಲಾಗದಿರಲಿ. ರಾತ್ರಿ ಮಲಗುವ ಮುಂಚಿನ ಹೊತ್ತು ಬೇಡ. ನಿದ್ದೆ ಕೆಡುತ್ತದೆ.

2. ಒಂದು ಕೂಟದಲ್ಲಿ ಎಂಟು, ಹತ್ತು ಜನ ಸಾಕು. ಜನ ಹೆಚ್ಚಿದಷ್ಟೂ ಮುಖಗಳು ಚಿಕ್ಕವಾಗುತ್ತವೆ, ಮಾತಿನ ಸರದಿ ದೂರವಾಗುತ್ತದೆ.

3. ಒಬ್ಬರು ಮಾತಾಡುವಾಗ ಉಳಿದವರ ಮೈಕು ಮುಚ್ಚಿರಲಿ. ಮಾತಾಡುವ ಮುನ್ನ ಹೆಸರು ಹೇಳಿ.

4. ನಿಧಾನವಾಗಿ, ಬಿಡಿಸಿ ಮಾತಾಡಿ. ಕೂಗಬೇಡಿ. ಕೂಗಿದರೆ ಧ್ವನಿ ಒಡೆದು ಇನ್ನೂ ಅಸ್ಪಷ್ಟವಾಗುತ್ತದೆ.

5. ಪ್ರಶ್ನೆ ಕೇಳಿದ ಮೇಲೆ ಐದು ಎಣಿಸುವಷ್ಟು ಕಾಯಿರಿ. ವಿಳಂಬಕ್ಕೂ ವಯಸ್ಸಿಗೂ ಅಷ್ಟು ಅವಕಾಶ ಕೊಡಿ.

6. ಮುಖ್ಯ ಸಂಗತಿಯನ್ನು, ಮುಂದಿನ ಕೂಟದ ದಿನವನ್ನು ಬರೆದೂ ಕಳಿಸಿ.

7. ಕೂಟದ ಕೊಂಡಿಯನ್ನು ಪರಿಚಿತರಿಗೆ ಮಾತ್ರ ಕೊಡಿ. ಅಪರಿಚಿತರು ಹೇಳಿದರೆಂದು ನಿಮ್ಮ ಮೊಬೈಲಿನ ಪರದೆಯನ್ನು ಹಂಚಿಕೊಳ್ಳಬೇಡಿ, ಬ್ಯಾಂಕಿನ ಗುಪ್ತ ಸಂಖ್ಯೆ ಹೇಳಬೇಡಿ. ಮೋಸ ಹೋದರೆ ತಕ್ಷಣ 1930ಕ್ಕೆ ಕರೆ ಮಾಡಿ.

8. ಇದು ಎಲ್ಲಕ್ಕಿಂತ ಮುಖ್ಯ. ಪ್ರತಿ ಕೂಟದಲ್ಲೂ ಎಲ್ಲರಿಗೂ ಒಂದೊಂದು ಸರದಿ ಇರಲಿ. ಎರಡು ವಾರ ಮೌನವಾಗಿದ್ದವರಿಗೆ, ಬಾರದೇ ಇದ್ದವರಿಗೆ ಕೂಟ ಮುಗಿದ ಮೇಲೆ ಒಬ್ಬರು ಫೋನ್ ಮಾಡಲಿ. "ಏಕೆ ಬರಲಿಲ್ಲ?" ಎಂದು ಎಲ್ಲರ ಮುಂದೆ ಕೇಳಬೇಡಿ. "ನಮ್ಮ ಮಾತು ನಿಮಗೆ ಸರಿಯಾಗಿ ಕೇಳುತ್ತಿದೆಯೇ? ಪರದೆ ಕಾಣುತ್ತಿದೆಯೇ?" ಎಂದು ಕೇಳಿ.

ವೈದ್ಯರಲ್ಲಿಗೆ ಯಾವಾಗ?

ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಅಂದೇ ತಜ್ಞರನ್ನು ಕಾಣಿ. ಅದಕ್ಕೆ ತಡಮಾಡದೆ ಚಿಕಿತ್ಸೆಯಾಗಬೇಕು. ಕಣ್ಣು ಥಟ್ಟನೆ ಮಸುಕಾದರೆ, ಕಣ್ಣ ಮುಂದೆ ಮಿಂಚು ಅಥವಾ ಪರದೆ ಎಳೆದಂತೆ ಕಂಡರೆ ಕಾಯಬೇಡಿ. ಕತ್ತಿನ ನೋವು ತೋಳಿಗೆ ಇಳಿದು ಕೈ ಜೋಮು ಹಿಡಿದರೆ ತೋರಿಸಿ. ಹವ್ಯಾಸದಲ್ಲಿ ಆಸಕ್ತಿ ಹೋಗಿ, ಊಟ, ನಿದ್ದೆ ಕೆಟ್ಟು, ಬೇಸರ ಎರಡು ವಾರ ಮೀರಿದರೆ ಅದು ಖಿನ್ನತೆ ಇರಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಹಣ ಖರ್ಚಿಲ್ಲದೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಎದುರಾಎದುರು ಭೇಟಿಗೆ ಪರದೆ ಎಂದೂ ಸಮನಲ್ಲ. ಒಂದೇ ಊರಿನಲ್ಲಿ ಇರುವವರು ತಿಂಗಳಿಗೊಮ್ಮೆಯಾದರೂ ಕೂಡಿ ಕುಳಿತು ಚಹಾ ಕುಡಿಯಿರಿ. ಬರಲಾಗದವರನ್ನು ಆ ದಿನ ಮೊಬೈಲಿನಲ್ಲಿ ಸೇರಿಸಿಕೊಳ್ಳಿ. ಪರದೆ ಇರಬೇಕಾದ್ದು ಇಂಥವರಿಗಾಗಿ.

ಇನ್ನು ಆ ಶಿಕ್ಷಕಿಯ ವಿಷಯ. ಶ್ರವಣ ಸಾಧನಕ್ಕೆ ಹೊಂದಿಕೊಳ್ಳಲು ಅವರಿಗೆ ಸುಮಾರು ಎರಡು ತಿಂಗಳು ಹಿಡಿಯಿತು. ನಡುವೆ ಎರಡು ಬಾರಿ ಸಿಟ್ಟಿನಿಂದ ಕಿತ್ತಿಟ್ಟರಂತೆ. ಮಗ ಮೊಬೈಲಿನ ಬದಲು ಮನೆಯ ದೊಡ್ಡ ಟಿ.ವಿ.ಗೆ ಕೂಟವನ್ನು ಜೋಡಿಸಿಕೊಟ್ಟರು. ವಿಷಯ ತಿಳಿದ ಗೆಳತಿಯರು ಒಬ್ಬೊಬ್ಬರಾಗಿ ಮಾತಾಡುವುದನ್ನು ರೂಢಿ ಮಾಡಿಕೊಂಡರು. ಮೊನ್ನೆ ತಪಾಸಣೆಗೆ ಬಂದಾಗ ಆಕೆ ಚೀಲದಿಂದ ಒಂದು ಸೆರಗನ್ನು ತೆಗೆದು ತೋರಿಸಿದರು. ಅದರ ಮೇಲೆ ಅರ್ಧ ಮುಗಿದ ತೇರು.

"ಉಳಿದದ್ದು ಬರುವ ಶನಿವಾರ" ಎಂದರು.

ನಿಮ್ಮ ಕೂಟದಲ್ಲಿ ಈಚೆಗೆ ಮೌನವಾದವರು ಯಾರಾದರೂ ಇದ್ದಾರೆಯೇ? ಇಂದೇ ಅವರಿಗೊಂದು ಫೋನ್ ಮಾಡಿ.